ಎಡ ಮೊಣಕಾಲು

ದಾಬೋಳಿ ಗುಡ್ಡದ ಮ್ಯಾಲೆ ವಿಮಾನದವರಿಗೆ
ಮೋಡ ನೋಡಾಕ ಮಷಿನ್ ಅದಾವಂತ.
ಬಾಯ್ಣಾದ ಈ ಓಣ್ಯಾಗ
ನನ್ನ ಎಡ ಮೊಣಕಾಲೈತಿ.

ನಸಿಕಿನ್ಯಾಗ ಮೂರಕ್ಕ ಶುರುವಾಗತೈತಿ.
ಮೊದಲ ಒಂದ ಇರುವಿ
ರಾಡಿನ ತುದಿ ಹುಡುಕಿಕೊಂತ ನಡದಂಗ.
ಆಮ್ಯಾಲೆ ಯಾರೋ ಒಳಗ ಕುಂತು
ಹಸಿ ಅರಿವಿ ಹಿಂಡಿದಂಗ.
ಕಾಲು ಚಾಚತೀನಿ, ಮಡಚತೀನಿ,
ಹಂಚಿನ ಮ್ಯಾಲೆ ಉಪ್ಪು ಹುರದು ಗಂಟು ಕಟ್ಟತೀನಿ.
ಉಪ್ಪೂ ಆಗಲೇ ನೀರೊಡದಿರತೈತಿ,
ಬಾಗಿಲಾ ಉಬ್ಬಿ ಚೌಕಟ್ಟಿಗೆ ಸಿಕ್ಕೊಂಡಿರತೈತಿ.
ಬಾಗಿಲಕ್ಕ ಯಾರೂ ಅನ್ನೂದಿಲ್ಲ
"ನಿಂದೆಲ್ಲಾ ಬರೇ ಮನಸಿನ ಭ್ರಮಿ" ಅಂತ.

ಚಿಕಲೀಮ್ ದವಾಖಾನ್ಯಾಗ ಎಳೀ ಡಾಕ್ಟರು
ಬೆಳಕಿಗೆ ಹಿಡದು ನೋಡಿದ ನನ್ನ ಎಲುಬಿನ ಫೋಟೋ.
"ಕೂಡೈತಿ, ಚೊಲೋ ಕೂಡೈತಿ.
ಹತ್ತೊಂಬತ್ತು ವರ್ಷ ಆತಲ್ಲ ಬಿದ್ದು?"
ನಾನಂದೆ, ಬಿದ್ದದ್ದು ಒಂದ ಸಲ,
ಏಳೂದು ಮಾತ್ರ ದಿನಾ ಐತ್ರಿ.
ಬೋಗಮಾಳದ ಹೋಟೆಲು, ಮೂರನೇ ಅಂತಸ್ತು,
ತಲಿ ಮ್ಯಾಲೆ ಕಾಂಕ್ರೀಟಿನ ಬುಟ್ಟಿ.
ಯಾರೋ ಈಗ ಆ ಖೋಲ್ಯಾಗ
ಸಮುದ್ರ ನೋಡಿಕೊಂತ ಮಲಗಿರತಾರ.
ಅವ ನಕ್ಕ. ಗುಳಿಗಿ ಬರದ.
ಮಳಿಗೂ ಬ್ಯಾನಿಗೂ ಸಂಬಂಧ
ಇನ್ನಾ ಪಕ್ಕಾ ಆಗಿಲ್ಲಂತ.
ಹೊರಗ ಬಂದ್ವಿ. ಛತ್ರಿ ಇರಲಿಲ್ಲ ಅವನ ಕಡೆ,
ನನ್ನ ಕಡೆ ಇತ್ತು.

ನಂಬಿದಾಕಿ ಒಬ್ಬಾಕೀನ,
ಮನಿ ಮಾಲಕಿ ಎಸ್ಪೆರಾನ್ಸಾಬಾಯಿ.
ಮೇ ತಿಂಗಳು ಅಂಗಳ ತುಂಬ ಚಾಪಿ,
ಚಾಪಿ ತುಂಬ ಸೋಲಾ, ಬಿಂಡಾ ಹಣ್ಣಿನ ಸಿಪ್ಪಿ,
ಕೆಂಪಗ, ಕರ್ರಗ, ಬಿಸಲಿಗೆ ನಾಲಿಗಿ ಚಾಚಿದಂಗ.
ದಿನಾ ಮುಂಜಾನೆ ಕಿಡಕಿಯಿಂದ ಕೇಳತಾಳ,
ತನ್ನ ಕೊಂಕಣಿಗೆ ನನ್ನ ಹರಕ ಹಿಂದಿ ಕೂಡಿಸಿ,
"ದುಂಡಾ, ಕಾಲ ಏನಂತೈತಿ?"
ಯಾರೂ ಕೇಳಿರಲಿಲ್ಲ ಹಂಗ.
ಗಂಡ ಕೇಳತಿದ್ದ, "ಇನ್ನಾ ನೋಯತೈತೇನ?"
ಆ "ಇನ್ನಾ" ಅನ್ನೂದು ಕಲ್ಲಿನಂಗ ಬೀಳತಿತ್ತು.
ಈಕಿಗೆ ಬೇಕಾದ್ದು ಸೋಲಾ, ನಾನಲ್ಲ, ಗೊತ್ತೈತಿ.
ಆದ್ರೂ.

ಹ್ವಾದ ವರ್ಷ ಬಾಡಿಗಿ ಮುನ್ನೂರ ಏರಿಸಿದಳು.
ಎರಡ ದಿನ ಬಿಟ್ಟು ಮೊಣಕಾಲು ಕೂಗಿತು
ಗುಡುಗಿನಕಿಂತ ಜೋರ.
ಕಿಡಕಿಯಿಂದ ಕೇಳಿದಳು.
"ಏನೂ ಅನ್ನವಲ್ದು" ಅಂದೆ.
ಮಧ್ಯಾಹ್ನ ಸಮುದ್ರದ ಕಡಿಂದ ಬಂತು ನೋಡ್ರಿ,
ಬಂದರದ ಕ್ರೇನೂ ಕಾಣದಂಗ.
ಕೆಂಪ ನೀರು ನನ್ನ ಹೊಸ್ತಿಲಾ ದಾಟಿ ಹರೀತು.
ಆರ ದಿನದ ಸೋಲಾ ಬೂಸರ ಹಿಡೀತು.
ನನ್ನ ಕಾಲ ಕಡೆ ಒಂದ ಸಲ ನೋಡಿದಳು,
ಆಮ್ಯಾಲೆ ಮಾರಿ ಕಡೆ.
ಬೈಲಿಲ್ಲ. ಕೇಳೂದ ಬಿಟ್ಟಳು.

ಮಳಿಗಾಲದ ಬ್ಯಾನಿ ಹಗರ.
ಕೈ ಮಾಡಿ ತೋರಸಾಕ ಬರತೈತಿ:
ಅಕಾ ಅಲ್ಲಿ, ಆ ಕರೀ ಮೋಡ.
ಜನವರಿ ಬ್ಯಾನಿಗೆ ಏನ ತೋರಸಲಿ?
ಈ ವರ್ಷ ಸಂಕ್ರಮಣದ ಮರುದಿನ
ಆಕಾಶ ತಿಕ್ಕಿ ತೊಳದ ತಾಟಿನಂಗ,
ವಿಮಾನದ ಮ್ಯಾಲೆ ವಿಮಾನ ಇಳೀತಿತ್ತು,
ಆವತ್ತ ಹಿಡೀತು.
ಮೋಡ ಇಲ್ಲ, ಗಾಳಿ ಇಲ್ಲ, ಸುಮ್ಮಸುಮ್ಮನ.
ಕಟ್ಟಿ ಮ್ಯಾಲೆ ಕುಂತು ಹಲ್ಲು ಕಚ್ಚಿದ್ದೆ,
ಕಳವು ಮಾಡಿ ಸಿಕ್ಕಿಬಿದ್ದಾಕಿ ಹಂಗ.

ಎಸ್ಪೆರಾನ್ಸಾಬಾಯಿ ಬಾಗಿಲಿಗೆ ಬಂದಳು.
ನನ್ನ ನೋಡಿದಳು. ಮ್ಯಾಲೆ ನೋಡಿದಳು.
ಎಂಟ ತಿಂಗಳ ಮ್ಯಾಲೆ ಕೇಳಿದಳು,
"ದುಂಡಾ, ಕಾಲ ಏನಂತೈತಿ?"
"ಬರತೈತಿ ಅಂತೈತ್ರಿ" ಅಂದೆ.
ಸುಳ್ಳೋ ಖರೇನೋ ನನಗೂ ಗೊತ್ತಿರಲಿಲ್ಲ.

ಆಕಿ ಅಂಗಳಕ್ಕ ಇಳದಳು.
ಹಗ್ಗದ ಮ್ಯಾಲಿನ ಅರಿವಿ, ತನ್ನೂ ನನ್ನೂ,
ಒಣಗಿದ್ದೂ ಒಣಗದ್ದೂ,
ಆ ಲಖಲಖ ಬಿಸಲಾಗ
ಒಂದೊಂದ ಚಿಮಟಾ ತಗದು
ಒಳಗ ತಂದಳು.